ಮುಂಬಯಿಯಲ್ಲಿ ಮೂರು ದನಿಗಳ ಕನ್ನಡ ಜಾನಪದ ತಂಡ ಕಟ್ಟುವ ಬಗೆ

ಮೂವರು ಒಂದೇ ಸಾಹಿತ್ಯವನ್ನು ಒಂದೇ ಕಾಲಕ್ಕೆ ಹಾಡುತ್ತ, ಸ್ವರದಲ್ಲಿ ಮಾತ್ರ ಬೇರೆ ಬೇರೆ ನೆಲೆಗಳಲ್ಲಿ ನಿಂತು, ಕೇಳುವವರಿಗೆ ಒಂದೇ ತುಂಬು ದನಿಯಾಗಿ ತಲುಪುವ ಗಾಯನಕ್ರಮವು ಅಮೆರಿಕದ ಜಾನಪದ ಸಂಗೀತದ ಹಳೆಯ ಸೊತ್ತು. ಬೆಟ್ಟಸೀಮೆಯ ಕಥನಗೀತೆ, ಚರ್ಚಿನ ಹಾಡು, ಬ್ಲೂಸ್, ಕಂಟ್ರಿ ಇವೆಲ್ಲ ಬೆರೆತು ಬೆಳೆದ ಅಲ್ಲಿನ ಸಂಗೀತವನ್ನು ಈಚಿನ ದಶಕಗಳಲ್ಲಿ ಅಮೆರಿಕಾನಾ ಎಂದು ಕರೆಯುತ್ತಾರೆ. ಅದರ ಪರವಾಗಿ ಕೆಲಸ ಮಾಡುವ ಸಂಘವೊಂದು 1999ರಲ್ಲಿ ಹುಟ್ಟಿತು. 2010ರ ಸಮಾರಂಭದಿಂದ ಗ್ರ್ಯಾಮಿಯಲ್ಲಿ ಅದರ ಆಲ್ಬಮ್‌ಗಳಿಗೆ ಪ್ರತ್ಯೇಕ ಪ್ರಶಸ್ತಿಯೂ ಬಂತು. ಆ ಧಾಟಿಯಲ್ಲಿ ಹಾಡಲು ಅಮೆರಿಕದವರೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಸ್ಟಾಕ್‌ಹೋಮಿನ ಇಬ್ಬರು ಅಕ್ಕತಂಗಿಯರು ಕಟ್ಟಿದ ಫಸ್ಟ್ ಏಡ್ ಕಿಟ್ ಎಂಬ ಜೋಡಿ ಅದೇ ಧಾಟಿಯಿಂದಲೇ ಜಗತ್ತಿಗೆ ಪರಿಚಿತವಾಯಿತು.

ಮುಂಬಯಿಯ ಕನ್ನಡ ಮನೆಗಳಲ್ಲಿ ಗಿಟಾರ್ ಕಲಿತ ಮಕ್ಕಳಿದ್ದಾರೆ, ಸುಗಮ ಸಂಗೀತದ ತರಗತಿಗೆ ಹೋಗಿ ಬಂದವರಿದ್ದಾರೆ, ಊರಿನ ಸೋಬಾನೆ ಪದವನ್ನೋ ಬೀಸುವ ಪದವನ್ನೋ ಇನ್ನೂ ಮರೆಯದ ಹಿರಿಯರಿದ್ದಾರೆ. ಈ ಮೂರನ್ನು ಒಂದೆಡೆ ಸೇರಿಸಿ ಮೂರು ದನಿಗಳ ತಂಡ ಕಟ್ಟಬೇಕೆನ್ನುವವರಿಗಾಗಿ ಈ ಬರಹ. ಇಂಥ ತಂಡಕ್ಕೆ ಪಾಶ್ಚಾತ್ಯ ಸಂಗೀತಶಾಸ್ತ್ರದ ಆಳವಾದ ಓದು ಮೊದಲ ದಿನವೇ ಬೇಕಾಗುವುದಿಲ್ಲ. ತಂಬೂರಿಯ ಶ್ರುತಿಯನ್ನು ಗಮನವಿಟ್ಟು ಕೇಳುವ ಅಭ್ಯಾಸವುಳ್ಳ ಕಿವಿಗೆ ಅರ್ಧ ಕೆಲಸ ಆಗಲೇ ಬರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೆ ಹೇಳುವುದೆಲ್ಲ ಆ ಅಭಿಪ್ರಾಯದ ಮೇಲೆಯೇ ನಿಂತಿದೆ.

ದನಿಗಳ ಆಯ್ಕೆ

ಮೂವರು ಸಾಕು, ನಾಲ್ವರಾದರೆ ಅದು ಮೇಲ್ಮಿತಿ. ಐದಾರು ಜನ ಸೇರಿದ ಕೂಡಲೇ ಅದು ವೃಂದಗಾನವಾಗುತ್ತದೆ, ವೃಂದಗಾನದ ದಾರಿಯೇ ಬೇರೆ. ಅತ್ಯುತ್ತಮ ಗಾಯಕರನ್ನು ಹುಡುಕುವುದಕ್ಕಿಂತ, ಪಕ್ಕದವರ ದನಿಯನ್ನು ಕೇಳುತ್ತ ತಮ್ಮ ದನಿಯನ್ನು ತಗ್ಗಿಸಬಲ್ಲವರನ್ನು ಹುಡುಕಬೇಕು. ಪರೀಕ್ಷೆ ಸುಲಭವಾಗಿದೆ. ಇಬ್ಬರನ್ನು ಎದುರುಬದುರು ಕೂರಿಸಿ, ಒಂದೇ ಸ್ವರವನ್ನು ಅಕಾರದಲ್ಲಿ ದೀರ್ಘವಾಗಿ ಹಿಡಿಯಲು ಹೇಳಿ, ಕಣ್ಣು ಮುಚ್ಚಿ ಕೇಳಿರಿ. ಯಾರ ದನಿ ಯಾವುದೆಂದು ಕ್ಷಣಕಾಲ ಗೊಂದಲವಾದರೆ ಆ ಜೋಡಿ ಕೂಡುತ್ತದೆ. ಒಬ್ಬರ ಕಂಪನ ಇನ್ನೊಬ್ಬರ ಮೇಲೆ ಸವಾರಿ ಮಾಡುತ್ತಿದ್ದರೆ, ಇಬ್ಬರೂ ಎಷ್ಟೇ ಪ್ರತಿಭಾವಂತರಾದರೂ ಹಾದಿ ದೀರ್ಘವಾಗಿರುತ್ತದೆ.

ಅಮೆರಿಕದ ಈ ಪರಂಪರೆಯಲ್ಲಿ ಒಡಹುಟ್ಟಿದವರ ಜೋಡಿಗಳು ಬಹಳ. ಅಲಬಾಮಾದ ಲೂವಿನ್ ಸಹೋದರರು, ಅವರ ಅನಂತರ ಎವರ್ಲಿ ಸಹೋದರರು ಇದಕ್ಕೆ ಪ್ರಸಿದ್ಧ ಉದಾಹರಣೆ. ರಕ್ತಸಂಬಂಧದಿಂದಲೇ ದನಿ ಕೂಡುತ್ತದೆ ಎಂದು ಅಲ್ಲಿನವರು ಹೇಳುವುದುಂಟು. ಗಂಟಲಿನ ರಚನೆಯ ಹೋಲಿಕೆ ಅದರಲ್ಲಿ ಸ್ವಲ್ಪ ಇರಬಹುದು. ಅದಕ್ಕಿಂತ ಮುಖ್ಯವಾದದ್ದು ಒಂದೇ ಮನೆಯಲ್ಲಿ ಬೆಳೆದು ಒಂದೇ ಬಗೆಯಲ್ಲಿ ಸ್ವರಾಕ್ಷರಗಳನ್ನು ಉಚ್ಚರಿಸುವ ರೂಢಿ. ಆ ರೂಢಿಯನ್ನು ಹೊರಗಿನವರೂ ಶ್ರಮದಿಂದ ಗಳಿಸಬಹುದಾದ್ದರಿಂದ ಅಣ್ಣತಮ್ಮಂದಿರಿಲ್ಲವೆಂದು ಕೊರಗಬೇಕಾಗಿಲ್ಲ.

ಹಾಡಿನ ಆಯ್ಕೆ

ಮೊದಲ ಹಾಡುಗಳನ್ನು ಪಲ್ಲವಿಯಿಂದ ಅಳೆಯಿರಿ. ಒಬ್ಬರು ಕಥೆ ಹೇಳುತ್ತ ಹೋಗಿ, ಉಳಿದವರು ಮತ್ತೆ ಮತ್ತೆ ಒಂದೇ ಸಾಲಿಗೆ ಬಂದು ಸೇರುವ ರಚನೆ ಹಾರ್ಮನಿಗೆ, ಅಂದರೆ ಬೇರೆ ಬೇರೆ ಸ್ವರಗಳಲ್ಲಿ ದನಿ ಕೂಡಿಸುವುದಕ್ಕೆ, ಹೇಳಿ ಮಾಡಿಸಿದ್ದು. ಗೀಗೀ ಪದದಲ್ಲಿ ಹಿಮ್ಮೇಳದವರು ಪಲ್ಲವಿ ಎತ್ತಿಕೊಳ್ಳುವ ಕ್ರಮ, ಸೋಬಾನೆಯಲ್ಲಿ ಹೆಂಗಸರು ಸೊಲ್ಲು ಕೂಡಿಸುವ ಕ್ರಮ, ತುಳುನಾಡಿನಲ್ಲಿ ನಾಟಿಯ ಕಾಲಕ್ಕೆ ಹಾಡುವ ಕಬಿತಗಳ ಕ್ರಮ ಎಲ್ಲವೂ ಇದೇ ಜಾತಿಯವು. ಮುಂಬಯಿಯ ತಂಡದಲ್ಲಿ ತುಳು ಮನೆಮಾತಿನವರು ಒಬ್ಬರಾದರೂ ಇರುವುದು ಸಹಜವಾದ್ದರಿಂದ ಕಬಿತವನ್ನು ಕೈಬಿಡಬೇಡಿ.

ತ್ರಿಪದಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಬರಹದಲ್ಲಿ ಅದು ಮೂರು ಸಾಲು. ಹಾಡುವಾಗ ಎರಡನೆಯ ಸಾಲಿನ ನುಡಿ ಮರುಕಳಿಸುವುದರಿಂದ ಕಿವಿಗೆ ನಾಲ್ಕು ಸಾಲಿನಂತೆ ಕೇಳುತ್ತದೆ. ಅಮೆರಿಕದ ಕಥನಗೀತೆಗಳ ನಾಲ್ಕು ಸಾಲಿನ ನುಡಿಗೆ ಒಗ್ಗಿದ ಗಿಟಾರ್ ವಾದಕರು ಈ ಮರುಕಳಿಕೆಯನ್ನು ಮುದ್ರಣದಲ್ಲಿ ಕಾಣದೆ ಸಾಲನ್ನು ಎಳೆದು ತುಂಬಿಸಲು ನೋಡುತ್ತಾರೆ, ಆಗ ಪದದ ನಡೆ ಮುರಿಯುತ್ತದೆ. ಪುಸ್ತಕದಿಂದ ಹಾಡು ಕಲಿಯುವ ಮುನ್ನ ಅದನ್ನು ಹಾಡಿ ಬಲ್ಲವರ ಬಾಯಿಂದ ಕೇಳಿರಿ. ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಮಗನ ಮನೆಯಲ್ಲಿರುವ ಅಜ್ಜಿಯೊಬ್ಬರು ಈ ಕೆಲಸಕ್ಕೆ ದೊಡ್ಡ ಗ್ರಂಥಾಲಯಕ್ಕಿಂತ ಹೆಚ್ಚು ನೆರವಾದಾರು.

ಹಾಡು ಕೊಟ್ಟವರ ಹೆಸರನ್ನು ಅಂದೇ ಬರೆದಿಟ್ಟುಕೊಳ್ಳಿ. 1927ರ ಬೇಸಿಗೆಯಲ್ಲಿ ಟೆನೆಸಿ ಮತ್ತು ವರ್ಜೀನಿಯಾಗಳ ಗಡಿಯ ಬ್ರಿಸ್ಟಲ್ ಪಟ್ಟಣದಲ್ಲಿ ಮೊದಲ ಬಾರಿ ಧ್ವನಿಮುದ್ರಣ ಮಾಡಿದ ಕಾರ್ಟರ್ ಕುಟುಂಬವು ಈ ಸಂಗೀತದ ಅಡಿಪಾಯದ ಕಲ್ಲುಗಳಲ್ಲೊಂದು. ಆ ಕುಟುಂಬದ ಎ. ಪಿ. ಕಾರ್ಟರ್ ಊರೂರು ತಿರುಗಿ ಹಾಡು ಕೂಡಿಸುವಾಗ ಜೊತೆಗಿದ್ದು ಧಾಟಿಗಳನ್ನು ನೆನಪಿನಲ್ಲಿ ಹಿಡಿದಿಟ್ಟವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕರು. ಹೀಗೆ ಕೂಡಿಸಿದ ಹಾಡುಗಳ ಹಕ್ಕು ಬಹುಪಾಲು ಕಾರ್ಟರ್ ಹೆಸರಿನಲ್ಲಿ ನೋಂದಣಿಯಾಯಿತು, ರಿಡಲ್ ಅವರ ಪಾಲು ಬಹುಕಾಲ ಮರೆಯಲ್ಲಿ ಉಳಿಯಿತು. ಬ್ಯಾಂಜೋ ವಾದ್ಯದ ಮೂಲವೂ ಆಫ್ರಿಕದಿಂದ ಗುಲಾಮರಾಗಿ ಬಂದವರಲ್ಲಿದೆ. ಆ ಸಂಗೀತದ ಧಾಟಿಯನ್ನು ಎರವಲು ತರುವವರು ಅದರ ಈ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು, ಏಕೆಂದರೆ ನಮ್ಮಲ್ಲಿಯೂ ಹಾಡಿಕೆಯ ಸಮುದಾಯಗಳ ಪದಗಳು ಯಾರದೋ ಹೆಸರಿನಲ್ಲಿ ವೇದಿಕೆ ಏರಿದ ಉದಾಹರಣೆಗಳಿಗೆ ಕೊರತೆಯಿಲ್ಲ.

ಶ್ರುತಿ ನಿಶ್ಚಯ

ಮುಂಬಯಿಯ ಕನ್ನಡ ತಂಡದಲ್ಲಿ ಮೊದಲ ಜಗಳ ಬಹುಶಃ ಶ್ರುತಿಯ ಹೆಸರಿನಲ್ಲಿಯೇ ನಡೆಯುತ್ತದೆ. ಕರ್ನಾಟಕ ಸಂಗೀತ ಕಲಿತವರು ಐದೂವರೆ ಮನೆ ಎನ್ನುತ್ತಾರೆ. ದಾದರಿನಲ್ಲಿ ಹಿಂದುಸ್ತಾನಿ ಕಲಿತವರು ಅದನ್ನೇ ಕಾಲಿ ಚಾರ್ ಎನ್ನುತ್ತಾರೆ. ಗಿಟಾರ್ ಹಿಡಿದವರು ಜಿ ಶಾರ್ಪ್ ಎನ್ನುತ್ತಾರೆ. ಮೂರೂ ಒಂದೇ ಸ್ವರ. ಹಾಗೆಯೇ ಒಂದೂವರೆ ಮನೆ, ಕಾಲಿ ಏಕ್ ಮತ್ತು ಸಿ ಶಾರ್ಪ್ ಒಂದೇ; ನಾಲ್ಕು ಮನೆ, ಸಫೇದ್ ಚಾರ್ ಮತ್ತು ಎಫ್ ಒಂದೇ. ಹನ್ನೆರಡು ಸ್ವರಸ್ಥಾನಗಳಿಗೂ ಈ ಮೂರು ಹೆಸರುಗಳ ಪಟ್ಟಿಯನ್ನು ಬರೆದು ಹಾಡಿನ ವಹಿಯ ಮೊದಲ ಪುಟಕ್ಕೆ ಅಂಟಿಸಿಬಿಡಿ.

ಶ್ರುತಿಯನ್ನು ಮುಖ್ಯ ದನಿಯೊಂದನ್ನೇ ನೋಡಿ ನಿಶ್ಚಯಿಸಬಾರದು. ಹೆಂಗಸರು ಸಾಮಾನ್ಯವಾಗಿ ಐದೂವರೆ ಮನೆಯ ಆಸುಪಾಸಿನಲ್ಲಿ, ಗಂಡಸರು ಒಂದೂವರೆ ಮನೆಯ ಆಸುಪಾಸಿನಲ್ಲಿ ಹಾಡುತ್ತಾರೆ. ಐದೂವರೆ ಮನೆಯಲ್ಲಿ ಹೆಣ್ಣುದನಿ ಮುಖ್ಯವಾಗಿದ್ದರೆ ಗಂಡುದನಿಯು ಅದರ ಕೆಳಗೆ, ತನ್ನ ಎದೆಯ ಮಧ್ಯಭಾಗದಲ್ಲಿ ಆರಾಮವಾಗಿ ನಿಲ್ಲುತ್ತದೆ. ಹೊಸ ತಂಡಕ್ಕೆ ಇದಕ್ಕಿಂತ ಸುಲಭದ ಜೋಡಣೆಯಿಲ್ಲ. ಕಾರ್ಟರ್ ಕುಟುಂಬದಲ್ಲಿಯೂ ಮುಖ್ಯ ದನಿ ಎ. ಪಿ. ಅವರ ಹೆಂಡತಿ ಸಾರಾ ಅವರದಾಗಿತ್ತು, ಎ. ಪಿ. ತಮಗೆ ತೋಚಿದಲ್ಲಿ ಮಾತ್ರ ಕೆಳದನಿಯಲ್ಲಿ ಬಂದು ಸೇರುತ್ತಿದ್ದರು. ಗಂಡುದನಿ ಮುಖ್ಯವಾಗಿ, ಹೆಣ್ಣುದನಿ ಅದರ ಮೇಲೆ ಕೂರಬೇಕಾದರೆ ಒಂದೂವರೆ ಮನೆ ಸಾಲದು, ಅಲ್ಲಿ ಹೆಣ್ಣುದನಿಯು ತನ್ನ ತೀರ ಕೆಳಗಿನ ಸ್ವರಗಳಲ್ಲಿ ಸಿಕ್ಕಿಕೊಂಡು ಸೊರಗುತ್ತದೆ. ಗಾಯಕನ ಗಂಟಲು ಒಪ್ಪಿದರೆ ಎರಡೂವರೆಗೋ ಮೂರು ಮನೆಗೋ ಏರಿಸಿಕೊಳ್ಳಿ. ಅಮೆರಿಕದ ಬೆಟ್ಟಸೀಮೆಯ ಗಾಯನದಲ್ಲಿ ಗಂಡಸರು ಎತ್ತರದ ಶ್ರುತಿಯಲ್ಲಿ ಹಾಡುವುದೇ ರೂಢಿ. ಡೊಳ್ಳಿನ ಪದ, ಲಾವಣಿ ಕೇಳಿದ ನಮ್ಮ ಕಿವಿಗೆ ಅದು ಹೊಸದೂ ಅಲ್ಲ.

ದನಿ ಕೂಡಿಸುವ ಕ್ರಮ

ಮೂರು ದನಿಗಳಿಗೆ ಮುಖ್ಯ ದನಿ, ಮೇಲ್ದನಿ, ಕೆಳದನಿ ಎಂದು ಹೆಸರಿಟ್ಟುಕೊಳ್ಳೋಣ. ಧಾಟಿ ಮುಖ್ಯ ದನಿಯಲ್ಲಿರುತ್ತದೆ. ಅಮೆರಿಕದ ಬೆಟ್ಟಸೀಮೆಯ ಹಾಡುಗಳಿಂದ ಬೆಳೆದ ಬ್ಲೂಗ್ರಾಸ್ ಶೈಲಿಯ ತಂಡಗಳಲ್ಲಿಯೂ ಸಾಮಾನ್ಯವಾಗಿ ಧಾಟಿ ನಡುವೆ ಇದ್ದು, ಒಂದು ದನಿ ಅದರ ಮೇಲೆ, ಇನ್ನೊಂದು ಕೆಳಗೆ ನಿಲ್ಲುತ್ತವೆ.

ಮೊದಲ ಕೆಲವು ವಾರ ಹಾರ್ಮನಿಯ ಮಾತೇ ಬೇಡ. ತಂಬೂರಿ ಪೆಟ್ಟಿಗೆಯನ್ನೋ ಫೋನಿನ ತಂಬೂರಿಯನ್ನೋ ಹಚ್ಚಿ ಮೂವರೂ ಒಂದೇ ಧಾಟಿಯನ್ನು ಏಕದನಿಯಲ್ಲಿ ಹಾಡಿರಿ. ಅದು ಒಂದು ಗಂಟಲಿನಿಂದ ಬಂದಂತೆ ಕೇಳುವವರೆಗೆ ಮುಂದಕ್ಕೆ ಹೋಗಬೇಡಿ. ಅನಂತರ ಒಬ್ಬರು ಷಡ್ಜ, ಒಬ್ಬರು ಅಂತರ ಗಾಂಧಾರ, ಒಬ್ಬರು ಪಂಚಮವನ್ನು ಹಿಡಿದು ಉಸಿರು ಮುಗಿಯುವವರೆಗೆ ನಿಲ್ಲಿ; ಪ್ರತಿ ಬಾರಿಯೂ ಸ್ಥಾನ ಬದಲಿಸಿಕೊಳ್ಳಿ. ಇಲ್ಲಿ ತಂಬೂರಿಯ ಉಪಕಾರ ದೊಡ್ಡದು. ಚೆನ್ನಾಗಿ ಕೂಡಿದ ಷಡ್ಜದ ತಂತಿಯೊಳಗೆ ಐದನೆಯ ಅನುರಣನವಾಗಿ ಗಾಂಧಾರ ತಾನಾಗಿಯೇ ನುಡಿಯುತ್ತದೆ. ಆ ಸಹಜ ಗಾಂಧಾರಕ್ಕೂ ಕೀಬೋರ್ಡಿನ ಗಾಂಧಾರಕ್ಕೂ ಸುಮಾರು 14 ಸೆಂಟುಗಳ ಅಂತರವಿದೆ (ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ದೂರವನ್ನು 100 ಸೆಂಟುಗಳೆಂದು ಎಣಿಸುತ್ತಾರೆ). ಕೀಬೋರ್ಡಿನದು ಅಷ್ಟು ಮೇಲಿರುತ್ತದೆ. ಕೀಬೋರ್ಡ್ ನುಡಿಸಿಕೊಂಡು ಹಾರ್ಮನಿ ಕಲಿತ ತಂಡದ ಗಾಂಧಾರವು ಸದಾ ತುಸು ಬಿಗಿಯಾಗಿ ಕೇಳುವುದಕ್ಕೂ, ತಂಬೂರಿಯೊಡನೆ ಕಲಿತ ತಂಡದ ದನಿಗಳು ಒಂದರೊಳಗೊಂದು ಕರಗುವುದಕ್ಕೂ ಇದೇ ಕಾರಣ. ಮೂರು ಸ್ವರಗಳು ಸರಿಯಾಗಿ ಕೂಡಿದಾಗ ಅಲುಗಾಟ ನಿಂತು, ಯಾರೂ ಹಾಡದ ಒಂದು ಸ್ವರ ಮೇಲೆ ಕೇಳಿಬರುವುದೂ ಉಂಟು.

ಇನ್ನು ಧಾಟಿಗೆ ಜೊತೆದನಿ ಹೊಂದಿಸುವುದು. ಮೋಹನ ರಾಗದ ಐದು ಸ್ವರಗಳಲ್ಲಿಯೇ ಇರುವ ಧಾಟಿಯಿಂದ ಪ್ರಾರಂಭಿಸಿ. ಹಿಂದುಸ್ತಾನಿಯ ಭೂಪದ ಸ್ವರಗಳೂ ಇವೇ, ಅಮೆರಿಕದ ಬೆಟ್ಟಸೀಮೆಯ ಎಷ್ಟೋ ಹಾಡುಗಳ ಸ್ವರಗಳೂ ಇವೇ. ಎರಡು ಪರಂಪರೆಗಳು ಎಲ್ಲಕ್ಕಿಂತ ಸುಲಭವಾಗಿ ಕೈಹಿಡಿಯುವುದು ಇಲ್ಲಿ. ನಿಯಮ ಇಷ್ಟೇ: ಮುಖ್ಯ ದನಿ ಇರುವ ಸ್ವರದಿಂದ ಒಂದು ಸ್ವರವನ್ನು ಬಿಟ್ಟು ಅದರ ಮೇಲಿನದನ್ನು ಮೇಲ್ದನಿ ಹಾಡುತ್ತದೆ. ಮುಖ್ಯ ದನಿ ಸ ರಿ ಗ ಪ ದ ಪ ಗ ರಿ ಸ ಎಂದು ಹೋದರೆ, ಮೇಲ್ದನಿ ಗ ಪ ದ ಎಂದು ಏರಿ, ತಾರಸ್ಥಾಯಿಯ ಸ ರಿ ಸ ಮುಟ್ಟಿ, ದ ಪ ಗ ಎಂದು ಇಳಿಯುತ್ತದೆ. ಕಾಗದದಲ್ಲಿ ಬರೆದುಕೊಂಡು ಮೊದಲು ಸ್ವರಗಳ ಹೆಸರಿನಲ್ಲಿಯೇ ಹಾಡಿರಿ, ಅದು ಬಾಯಿಗೆ ಕೂತ ಮೇಲೆ ಸಾಹಿತ್ಯ ಹಾಕಿರಿ. ಗೀತೆ, ಸ್ವರಜತಿ ಕಲಿತವರಿಗೆ ಇದು ತಮ್ಮ ಪಾಠಕ್ರಮವೇ ಎನಿಸುತ್ತದೆ. ಆದರೆ ಅಮೆರಿಕದ ದಕ್ಷಿಣದಲ್ಲಿಯೂ, 1844ರಲ್ಲಿ ಜಾರ್ಜಿಯಾದ ಸಂಗ್ರಾಹಕರು ಹೊರತಂದ ಸೇಕ್ರೆಡ್ ಹಾರ್ಪ್ ಎಂಬ ಭಕ್ತಿಗೀತೆಗಳ ಸಂಪುಟವನ್ನು ಹಾಡುವವರು ನಾಲ್ಕು ದನಿಗಳವರಾಗಿ ಚೌಕದ ನಾಲ್ಕು ಬದಿಗಳಲ್ಲಿ ಎದುರುಬದುರು ಕುಳಿತು, ಮೊದಲು ಫ, ಸೋಲ್, ಲ, ಮಿ ಎಂಬ ಸ್ವರನಾಮಗಳಲ್ಲಿ ಹಾಡಿ, ಆಮೇಲೆ ಸಾಹಿತ್ಯಕ್ಕೆ ಬರುತ್ತಾರೆ. ಆ ಚೌಕದ ಕೂರಾಟವನ್ನು ನೀವೂ ಅನುಸರಿಸಿರಿ, ಸಭಿಕರ ಕಡೆ ಮುಖ ಮಾಡುವುದನ್ನು ಕೊನೆಯ ತಾಲೀಮಿಗೆ ಇಟ್ಟುಕೊಳ್ಳಿ.

ಕೆಳದನಿಯೂ ಹೀಗೆಯೇ ಒಂದು ಸ್ವರ ಬಿಟ್ಟು ಕೆಳಗಿನದನ್ನು ಹಿಡಿಯಬಹುದು: ಮುಖ್ಯ ದನಿ ಷಡ್ಜದಲ್ಲಿದ್ದರೆ ಮಂದ್ರ ಪಂಚಮ, ಋಷಭದಲ್ಲಿದ್ದರೆ ಮಂದ್ರ ಧೈವತ, ಗಾಂಧಾರದಲ್ಲಿದ್ದರೆ ಷಡ್ಜ. ಆದರೆ ಪಂಚಮಕ್ಕೆ ಬಂದಾಗ ಈ ಲೆಕ್ಕ ಋಷಭವನ್ನು ಕೊಡುತ್ತದೆ. ಧಾಟಿ ಅಲ್ಲಿ ಓಡುತ್ತಿದ್ದರೆ ತೊಂದರೆಯಿಲ್ಲ, ನಿಲ್ಲುವುದಾದರೆ ಮೂರು ದನಿಗಳು ಎಲ್ಲಿಗೂ ಸೇರದೆ ತೂಗಾಡುತ್ತವೆ. ಆದ್ದರಿಂದ ಧಾಟಿ ಪಂಚಮದ ಮೇಲೆ ನಿಲ್ಲುವಲ್ಲಿ ಕೆಳದನಿ ಗಾಂಧಾರಕ್ಕೆ ಸರಿಯಲಿ. ಧೈವತದ ಮೇಲೆ ನಿಲ್ಲುವಾಗ ಮೇಲ್ದನಿಯು ತಾರ ಋಷಭವನ್ನು ಬಿಟ್ಟು ತಾರ ಷಡ್ಜಕ್ಕೆ ಇಳಿಯಲಿ, ಕೆಳದನಿ ಗಾಂಧಾರದಲ್ಲಿಯೇ ಇರಲಿ. ಇಂಥ ಸಣ್ಣ ಸರಿಪಡಿಕೆಗಳಿಗೆ ಕಿವಿಯೇ ಪ್ರಮಾಣ. ನಿಲುಗಡೆಗಳು ಸರಿಯಿದ್ದರೆ ನಡುವಿನ ಓಟದಲ್ಲಿ ಬಹಳಷ್ಟು ಸ್ವಾತಂತ್ರ್ಯ ಇರುತ್ತದೆ.

ಐದು ಸ್ವರಗಳ ಆಚೆ ಹೋದಾಗ ಖರಹರಪ್ರಿಯ, ಹರಿಕಾಂಭೋಜಿ, ಅಂದರೆ ಹಿಂದುಸ್ತಾನಿಯ ಕಾಫಿ, ಖಮಾಜಿನ ಸ್ವರಗಳುಳ್ಳ ಧಾಟಿಗಳನ್ನು ಆರಿಸಿಕೊಳ್ಳಿ. ಅಮೆರಿಕದ ಹಳೆಯ ಹಾಡುಗಳಲ್ಲಿ ಇವೆರಡರ ಸ್ವರಶ್ರೇಣಿಗಳು ಧಾರಾಳವಾಗಿ ಸಿಗುತ್ತವೆ. ಮಧ್ಯಮ ಬಂದ ಕೂಡಲೇ ಒಂದು ತಾಂತ್ರಿಕ ತೊಡಕು ಎದುರಾಗುತ್ತದೆ. ಗಿಟಾರ್ ಮಧ್ಯಮ, ಧೈವತ, ಷಡ್ಜಗಳ ಸ್ವರಮೇಳ ನುಡಿಸುವಾಗ ಹಿಂದೆ ತಂಬೂರಿಯ ಪಂಚಮ ಮೊಳಗುತ್ತಿದ್ದರೆ ಎರಡೂ ಒಂದನ್ನೊಂದು ತಿವಿಯುತ್ತವೆ. ಅಂಥ ಹಾಡಿಗೆ ತಂಬೂರಿಯಲ್ಲಿ ಷಡ್ಜವನ್ನಷ್ಟೇ ಉಳಿಸಿಕೊಳ್ಳಿ. ಶುಭಪಂತುವರಾಳಿಯಂಥ ರಾಗಗಳ ನೆರಳಿರುವ ಧಾಟಿಯನ್ನು ಮಾತ್ರ ಮೂರು ದನಿಗೆ ಒಗ್ಗಿಸಲು ಹೋಗದಿರುವುದೇ ಲೇಸು. ಅಲ್ಲಿ ಒಬ್ಬರು ಹಾಡಲಿ, ಉಳಿದ ಇಬ್ಬರು ಷಡ್ಜ ಪಂಚಮಗಳನ್ನು ಹಿಡಿದು ನಿಲ್ಲಲಿ.

ಗಮಕದ, ಅಂದರೆ ಸ್ವರವನ್ನು ಅಲುಗಿಸಿ ಬಳಕಿಸಿ ಹಾಡುವುದರ ಪ್ರಶ್ನೆಗೆ ನನ್ನ ಉತ್ತರ ನಿಷ್ಠುರವಾಗಿದೆ. ಮೂರು ದನಿ ಕೂಡಿದ ಸಾಲಿನಲ್ಲಿ ಗಮಕ ಬೇಡ. ಒಬ್ಬರ ಸ್ವರ ಅಲುಗಾಡಿದರೆ ಉಳಿದಿಬ್ಬರು ಅದರ ಮೇಲೆ ಯಾವ ಗಾಂಧಾರವನ್ನು ನಿಲ್ಲಿಸಬೇಕು? ಒಂಟಿ ದನಿಯ ನುಡಿಗಳಲ್ಲಿ ಮುಖ್ಯ ಗಾಯಕರು ತಮ್ಮ ಕೊಂಕು, ಜಾರು, ಬಳಕುಗಳನ್ನೆಲ್ಲ ತರಲಿ, ಪಲ್ಲವಿಗೆ ಬರುತ್ತಲೇ ಸ್ವರವನ್ನು ನೇರವಾಗಿ ನಿಲ್ಲಿಸಲಿ. ಆ ಬದಲಾವಣೆಯೇ ಕೇಳುಗರನ್ನು ಎಚ್ಚರಿಸುತ್ತದೆ. ಹಾಡಿನ ಉದ್ದಕ್ಕೂ ಮೂರು ದನಿ ತುಂಬುವುದು ಹೊಸ ತಂಡಗಳ ಸಾಮಾನ್ಯ ಚಪಲ. ಒಗ್ಗರಣೆಯನ್ನೇ ಊಟವಾಗಿ ಬಡಿಸಿದಂತಾಗುತ್ತದೆ. ಮೊದಲ ನುಡಿ ಒಂಟಿಯಾಗಿ, ಎರಡನೆಯದು ಇಬ್ಬರಲ್ಲಿ, ಪಲ್ಲವಿ ಮಾತ್ರ ಮೂವರಲ್ಲಿ, ಕಥೆಯ ತಿರುವಿನಲ್ಲಿ ಮತ್ತೆ ಏಕದನಿ ಎಂದು ಹಂಚಿಕೊಂಡರೆ ಅದೇ ಮೂರು ದನಿಗಳು ಇಮ್ಮಡಿ ದೊಡ್ಡವಾಗಿ ಕೇಳುತ್ತವೆ. ಮೇಲ್ದನಿ, ಕೆಳದನಿಯವರಿಗೆ ಒಂದು ಅಳತೆಗೋಲು ಸದಾ ನೆನಪಿರಲಿ: ತಮ್ಮ ದನಿಗಿಂತ ಮುಖ್ಯ ದನಿ ತಮಗೇ ಜೋರಾಗಿ ಕೇಳುತ್ತಿರಬೇಕು.

ಉಚ್ಚಾರದ ಒಪ್ಪಂದ

ಇಂಗ್ಲಿಷಿನಲ್ಲಿ ಹಾಡುವ ತಂಡಗಳು ಪದಾಂತ್ಯದ ವ್ಯಂಜನಗಳನ್ನು ಒಂದೇ ಕ್ಷಣಕ್ಕೆ ಮುಗಿಸಲು ಬಹಳ ಹೆಣಗುತ್ತವೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರಾಂತವಾದ್ದರಿಂದ ಆ ಕಷ್ಟ ನಮಗೆ ಕಡಿಮೆ, ಬದಲಿಗೆ ಸ್ವರಾಕ್ಷರದ ಬಣ್ಣದ ಕಷ್ಟ ಹೆಚ್ಚು. ಮುಂಬಯಿಯ ತಂಡದಲ್ಲಿ ಧಾರವಾಡದ ಕಡೆಯವರೊಬ್ಬರು, ಉಡುಪಿಯ ಕಡೆಯವರೊಬ್ಬರು, ಮೈಸೂರಿನ ಕಡೆಯವರೊಬ್ಬರು ಇದ್ದರೆ ಒಂದೇ ಸಾಲಿನಲ್ಲಿ ಮನಿ, ಮನೆ ಎರಡೂ ಕೇಳಿಬಂದಾವು. ಪದಾರಂಭದ ಎಕಾರ ಒಬ್ಬರಿಗೆ ಯೆ ಆಗಿ, ಇನ್ನೊಬ್ಬರಿಗೆ ಶುದ್ಧ ಎ ಆಗಿ ಬರುತ್ತದೆ. ಸ್ವರಗಳು ಎಷ್ಟೇ ಶ್ರುತಿಶುದ್ಧವಾಗಿದ್ದರೂ ಇಂಥಲ್ಲಿ ದನಿ ಕೂಡುವುದಿಲ್ಲ, ದೋಷ ಶ್ರುತಿಯದೆಂದು ತಿಳಿದು ವಾರಗಟ್ಟಲೆ ಅಲ್ಲಿಯೇ ಹುಡುಕುತ್ತಾರೆ. ಹಾಡು ಯಾವ ಸೀಮೆಯದೋ ಆ ಸೀಮೆಯ ಉಚ್ಚಾರವೇ ಮೂವರಿಗೂ ಕಾನೂನು ಎಂದು ಒಪ್ಪಿಕೊಳ್ಳಿ. ಉತ್ತರ ಕರ್ನಾಟಕದ ಪದವನ್ನು ಶಿಷ್ಟ ಕನ್ನಡಕ್ಕೆ ತಿದ್ದುವುದು ಬೇಡ.

ಒತ್ತಕ್ಷರಗಳಿಗೆ ಕಾಲಮಾನ ಹಾಕಿಕೊಳ್ಳಬೇಕು. ಎಲ್ಲಿ, ಹತ್ತಿ, ಅಪ್ಪ ಇಂಥ ಪದಗಳಲ್ಲಿ ಎಷ್ಟು ಹೊತ್ತು ತಡೆದು ಎಲ್ಲಿ ಬಿಡಬೇಕೆಂಬುದು ಮೂವರಿಗೂ ಒಂದೇ ಆಗಿರಬೇಕು. ದೀರ್ಘವಾಗಿ ನಿಲ್ಲುವ ಸಾಲು ಉಕಾರದಲ್ಲಿ ಮುಗಿದರೆ ತುಟಿ ಮುಚ್ಚಿ ದನಿ ಕುಗ್ಗುತ್ತದೆ. ಹಾಡಿನ ನಡೆ ಅನುಮತಿಸಿದರೆ ಅದರ ಹಿಂದಿನ ಸ್ವರಾಕ್ಷರದ ಮೇಲೆ ನಿಂತು, ಉಕಾರವನ್ನು ಕೊನೆಗೆ ಮುಟ್ಟಿ ಬಿಡಿರಿ. ಉಸಿರನ್ನು ಮೂವರೂ ಒಟ್ಟಿಗೆ ತೆಗೆದುಕೊಳ್ಳಿ. ದೊಡ್ಡ ವೃಂದಗಳಲ್ಲಿ ಸರದಿಯಂತೆ ಉಸಿರೆಳೆಯುವ ಕ್ರಮವಿದೆ, ಮೂವರ ತಂಡದಲ್ಲಿ ಅದು ಹಾಡಿನ ನಡುವೆ ತೂತು ಮಾಡುತ್ತದೆ.

ವಾದ್ಯಗಳು

ಒಂದು ಗಿಟಾರ್ ಸಾಕು. ಮ್ಯಾಂಡೊಲಿನ್ ಅಥವಾ ಪಿಟೀಲು ಬಲ್ಲವರಿದ್ದರೆ ಸಂತೋಷ. ಏಕತಾರಿ, ದಮ್ಮಡಿ, ತಾಳಗಳಲ್ಲಿ ಒಂದಿದ್ದರೆ ಹಾಡಿನ ಊರು ನೆನಪಾಗುತ್ತದೆ. ಐದೂವರೆ ಮನೆಗೆ ಮೊದಲ ಮೆಟ್ಟಿಲಿನಲ್ಲಿ ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಹಿಡಿಕೆ) ಹಾಕಿ ಜಿ ಶ್ರುತಿಯ ಬೆರಳಿನ ಆಕಾರಗಳನ್ನು ನುಡಿಸಿದರೆ ಕೈಗೆ ಸುಲಭ. ಗಿಟಾರಿನ ಗಾಂಧಾರವೂ ಕೀಬೋರ್ಡಿನದರಂತೆಯೇ ತುಸು ಮೇಲಿರುವುದರಿಂದ, ಪಲ್ಲವಿಯಲ್ಲಿ ಷಡ್ಜ ಪಂಚಮಗಳನ್ನಷ್ಟೇ ನುಡಿಸಿ ಗಾಂಧಾರವನ್ನು ಕಂಠಗಳಿಗೆ ಬಿಟ್ಟುಕೊಡುವುದು ಜಾಣತನ. ಮೇಬೆಲ್ ಕಾರ್ಟರ್ ರೂಢಿಗೆ ತಂದ ಕ್ರಮದಲ್ಲಿ, ಹೆಬ್ಬೆರಳಿನಿಂದ ಕೆಳಸ್ವರದ ತಂತಿಗಳ ಮೇಲೆ ಧಾಟಿಯನ್ನು ನುಡಿಸುತ್ತ ಉಳಿದ ಬೆರಳಿನಿಂದ ಮೇಲಿನ ತಂತಿಗಳನ್ನು ಮೀಟುವುದು ಕಥನಗೀತೆಗಳಿಗೆ ಬಹಳ ಒಪ್ಪುತ್ತದೆ. ಮಳೆಗಾಲದಲ್ಲಿ ಮುಂಬಯಿಯ ತೇವ ಮರವನ್ನು ಉಬ್ಬಿಸಿ ತಂತಿಗೆ ತುಕ್ಕು ಹಿಡಿಸುವುದರಿಂದ ಗಿಟಾರನ್ನು ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ.

ಅಭ್ಯಾಸದ ಸ್ಥಳ

ಒಬ್ಬರು ಡೊಂಬಿವಲಿ, ಒಬ್ಬರು ಬೊರಿವಲಿ, ಒಬ್ಬರು ವಾಶಿ ಎಂದಾದರೆ ತಂಡದ ಆಯುಷ್ಯ ರೈಲಿನ ವೇಳಾಪಟ್ಟಿಯ ಕೈಯಲ್ಲಿರುತ್ತದೆ. ದಾದರ್ ಮತ್ತು ಮಾಟುಂಗಾ ಭಾಗ ಮಧ್ಯ, ಪಶ್ಚಿಮ ಎರಡೂ ಮಾರ್ಗಗಳಿಗೆ ಹತ್ತಿರ; ಕಿಂಗ್ಸ್ ಸರ್ಕಲ್ ನಿಲ್ದಾಣದಿಂದ ಹಾರ್ಬರ್ ಮಾರ್ಗದವರಿಗೂ ಅನುಕೂಲ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್ ಇರುವುದೂ ಮಾಟುಂಗಾದಲ್ಲಿಯೇ. ಕನ್ನಡ ಸಂಘಗಳ ಕಾರ್ಯಾಲಯಗಳಲ್ಲಿ ಕಾರ್ಯಕ್ರಮವಿಲ್ಲದ ಸಂಜೆ ಒಂದು ಕೋಣೆ ಕೇಳಿ ನೋಡುವುದರಲ್ಲಿ ನಷ್ಟವಿಲ್ಲ. ಪದಾಧಿಕಾರಿಗಳನ್ನು ಫೋನಿನಲ್ಲಿ ಕೇಳುವುದಕ್ಕಿಂತ ಒಂದು ಕಾರ್ಯಕ್ರಮಕ್ಕೆ ಹೋಗಿ, ಕೊನೆಯವರೆಗೆ ಕುಳಿತು, ಆಮೇಲೆ ಮಾತನಾಡಿದರೆ ಕೆಲಸ ಬೇಗ ಆಗುತ್ತದೆ. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜ್ಯಾಮ್ ರೂಮುಗಳು ಡ್ರಮ್ಸ್ ಇರುವ ಬ್ಯಾಂಡುಗಳಿಗೆ ತಕ್ಕವು. ಗೋಡೆಗಳು ದನಿಯನ್ನು ಪೂರ್ತಿ ಹೀರಿಕೊಳ್ಳುವ ಆ ಕೋಣೆಗಳಲ್ಲಿ ಹಾರ್ಮನಿ ಕಲಿಯುವುದು ಕಷ್ಟ. ಹಂಚುನೆಲದ, ಸಾಮಾನು ಕಡಿಮೆಯಿರುವ ಸಾಮಾನ್ಯ ಕೋಣೆಯೇ ಮೇಲು.

ವಾರಕ್ಕೊಮ್ಮೆ ಎರಡು ತಾಸು ಸೇರಿದರೆ ಸಾಕು, ಉಳಿದ ಅಭ್ಯಾಸ ರೈಲಿನಲ್ಲಿ ನಡೆಯಲಿ. ಪ್ರತಿಯೊಬ್ಬರ ದನಿಯನ್ನೂ ಬೇರೆ ಬೇರೆ ಮುದ್ರಿಸಿ, ಇಯರ್‌ಫೋನಿನ ಎಡಕ್ಕೆ ಮುಖ್ಯ ದನಿ, ಬಲಕ್ಕೆ ತಮ್ಮ ದನಿ ಕೇಳುವಂತೆ ಜೋಡಿಸಿ ಹಂಚಿಕೊಳ್ಳಿ. ಹಾಡು ಬಾಯಿಗೆ ಬಂದ ಮೇಲೆ ತಮ್ಮ ಬದಿಯ ಇಯರ್‌ಫೋನನ್ನು ತೆಗೆದು, ಮುಖ್ಯ ದನಿಯನ್ನಷ್ಟೇ ಕೇಳುತ್ತ ಮನಸ್ಸಿನಲ್ಲಿ ತಮ್ಮ ಸಾಲನ್ನು ಹಿಡಿಯಬೇಕು.

ವೇದಿಕೆ ಮತ್ತು ಮೈಕು

ಮೊದಲ ಪ್ರದರ್ಶನವನ್ನು ಯಾರದಾದರೂ ಮನೆಯ ಹಜಾರದಲ್ಲಿ, ಹದಿನೈದಿಪ್ಪತ್ತು ಜನರ ಮುಂದೆ, ಮೈಕಿಲ್ಲದೆ ಮಾಡಿರಿ. ಅಮೆರಿಕದ ಜಾನಪದ ಗಾಯಕರಲ್ಲಿ ಮನೆಕಚೇರಿಗಳ ರೂಢಿ ಇಂದಿಗೂ ಜೀವಂತವಾಗಿದೆ. ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವುದಾದರೆ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ಕ್ಕೆ ನಿಲ್ಲಿಸಬೇಕಾಗುತ್ತದೆ.

ಸಂಘಗಳ ವೇದಿಕೆಗೆ ಹೋಗುವಾಗ ಐದು ಹಾಡು ಸಿದ್ಧವಿರಲಿ, ಮೂರೇ ಹಾಡಿ ಇಳಿಯುವ ಮನಸ್ಸೂ ಸಿದ್ಧವಿರಲಿ. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಶಾಲು, ಹಾರಗಳು ಮುಗಿಯುವಷ್ಟರಲ್ಲಿ ಕಾರ್ಯಕ್ರಮ ಎಷ್ಟು ತಡವಾಗಿರುತ್ತದೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬರುವುದರಿಂದ ಸಭಾಗೃಹಗಳು ಬೇಗ ತುಂಬುತ್ತವೆ. ನವೆಂಬರಿನ ರಾಜ್ಯೋತ್ಸವದ ಸಮಯ ಹೊಸ ತಂಡಕ್ಕೆ ಹೆಚ್ಚು ಅನುಕೂಲ. ಕನ್ನಡದ ಆಚೆಗಿನ ಕೇಳುಗರಿಗಾಗಿ ಜನವರಿ ಅಥವಾ ಫೆಬ್ರವರಿಯಲ್ಲಿ ಜರಗುವ ಕಾಲಾಘೋಡಾ ಕಲಾ ಉತ್ಸವವನ್ನು ಗುರಿಯಾಗಿಟ್ಟುಕೊಳ್ಳಬಹುದು, ಅದಕ್ಕೆ ಅರ್ಜಿಯ ಕೆಲಸ ತಿಂಗಳುಗಳ ಮೊದಲೇ ಪ್ರಾರಂಭವಾಗಬೇಕು.

ಮೂವರಿಗೂ ಒಂದೊಂದು ಮೈಕು ಕೊಟ್ಟರೆ ದನಿಗಳ ಸಮತೂಕ ಸೌಂಡಿನವರ ಕೈಗೆ ಹೋಗುತ್ತದೆ. ಬ್ಲೂಗ್ರಾಸ್ ತಂಡಗಳು ಇಂದಿಗೂ ಅನುಸರಿಸುವ ಒಂದೇ ಮೈಕಿನ ಕ್ರಮ ಇದಕ್ಕೆ ಉತ್ತರ: ದೂರದ ದನಿಯನ್ನೂ ಸೂಕ್ಷ್ಮವಾಗಿ ಹಿಡಿಯುವ ಒಳ್ಳೆಯ ಕಂಡೆನ್ಸರ್ ಮೈಕೊಂದನ್ನು ಎದೆಯೆತ್ತರಕ್ಕೂ ಬಾಯೆತ್ತರಕ್ಕೂ ನಡುವೆ ನಿಲ್ಲಿಸಿ, ಮೂವರೂ ಅರ್ಧವೃತ್ತದಲ್ಲಿ ಒಂದೂವರೆ ಅಡಿ ದೂರದಲ್ಲಿ ನಿಂತು, ಒಂಟಿ ನುಡಿ ಹಾಡುವವರು ಅರ್ಧ ಹೆಜ್ಜೆ ಮುಂದೆ ಬಂದು, ಪಲ್ಲವಿಗೆ ಮತ್ತೆ ಹಿಂದೆ ಸರಿಯುವುದು. ಸ್ಪೀಕರುಗಳು ಮೈಕಿಗಿಂತ ಸಾಕಷ್ಟು ಮುಂದಿರಬೇಕು, ಕಾಲಬುಡದ ಮಾನಿಟರುಗಳನ್ನು ಆರಿಸಿಬಿಡಬೇಕು. ಇಲ್ಲವಾದರೆ ಮೈಕು ಕೂಗಿಕೊಳ್ಳುತ್ತದೆ. ಗದ್ದಲದ ಬಯಲಿನಲ್ಲಿ ಈ ಕ್ರಮ ನಡೆಯದು, ಅಲ್ಲಿ ಮೂರು ಮೈಕುಗಳನ್ನೇ ಒಪ್ಪಿಕೊಳ್ಳಿ. ಯಾವ ಕ್ರಮವಾದರೂ ಎಕೋ ಬೇಡವೆಂದು ಮೊದಲೇ ಸ್ಪಷ್ಟವಾಗಿ ಹೇಳಿರಿ. ನಮ್ಮ ಸೌಂಡಿನವರಿಗೆ ಗಾಯನವೆಂದರೆ ಎಕೋ ಎಂಬ ಗಾಢ ನಂಬಿಕೆಯಿದೆ, ಅದರ ಕೆಳಗೆ ಮೂರು ದನಿಗಳ ಅಂಚುಗಳು ಅಳಿಸಿಹೋಗುತ್ತವೆ.

ಹಕ್ಕು ಮತ್ತು ಧ್ವನಿಮುದ್ರಣ

ಪರಂಪರೆಯ ಪದಗಳಿಗೆ ಕೃತಿಸ್ವಾಮ್ಯದ ತೊಡಕಿಲ್ಲ, ಕವಿಯ ರಚನೆಗೆ ಇದೆ. ಭಾರತದಲ್ಲಿ ಸಾಹಿತ್ಯದ ಹಕ್ಕು ಕವಿಯ ನಿಧನದ ಮರುವರ್ಷದಿಂದ ಎಣಿಸಿ 60 ವರ್ಷ ಉಳಿಯುತ್ತದೆ. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಗಳನ್ನು ಯಾರೂ ಹಾಡಬಹುದು. 1981ರಲ್ಲಿ ತೀರಿಕೊಂಡ ದ. ರಾ. ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ ಅನುಮತಿ ಬೇಕು. ಶರೀಫರ ಪದಕ್ಕೆ ಈಚಿನ ಸಂಯೋಜಕರು ಹಾಕಿದ ಧಾಟಿಗೆ ಬೇರೆಯೇ ಹಕ್ಕಿದೆ ಎಂಬುದನ್ನು ಹಲವರು ಮರೆಯುತ್ತಾರೆ. ಕ್ಯಾಸೆಟ್ಟಿನಿಂದ ಪ್ರಸಿದ್ಧವಾದ ಧಾಟಿಯನ್ನು ಪರಂಪರೆಯದೆಂದು ಭಾವಿಸಿ ಮುದ್ರಿಸಬೇಡಿ. ಹಕ್ಕಿರುವ ಹಾಡುಗಳನ್ನು ವೇದಿಕೆಯಲ್ಲಿ ಹಾಡುವಾಗ ಹಾಡಿನ ಹಕ್ಕುದಾರರ ಪರವಾಗಿ ಪರವಾನಗಿ ಕೊಡುವ ಐಪಿಆರ್‌ಎಸ್ ಸಂಸ್ಥೆಯ ಪರವಾನಗಿ ಬೇಕೇ ಎಂದು ಸಂಘಟಕರೊಡನೆ ಮೊದಲೇ ಮಾತನಾಡಿಕೊಳ್ಳಿ.

ಮುದ್ರಣವನ್ನೂ ಒಂದೇ ಮೈಕಿನ ಸುತ್ತ, ಒಂದೇ ಓಟದಲ್ಲಿ ಮಾಡಿರಿ. ಒಬ್ಬೊಬ್ಬರನ್ನೇ ಬೇರೆ ಬೇರೆ ಮುದ್ರಿಸಿ ಜೋಡಿಸಿದರೆ ಶ್ರುತಿ ಸರಿಯಿರುತ್ತದೆ, ಒಬ್ಬರನ್ನೊಬ್ಬರು ಕೇಳಿ ಹೊಂದಿಕೊಂಡ ಗುರುತು ಇರುವುದಿಲ್ಲ. ಫ್ಯಾನು, ಎ.ಸಿ. ಆರಿಸಿ, ಕಿಟಕಿಗೆ ರಜಾಯಿ ಕಟ್ಟಿ, ನಸುಕಿನಲ್ಲಿ ಕುಳಿತರೆ ಮನೆಯಲ್ಲಿಯೇ ಸಾಕಷ್ಟು ಒಳ್ಳೆಯ ಮುದ್ರಣ ಸಾಧ್ಯ. ಬಿಡುಗಡೆ ಮಾಡುವಾಗ ವಿವರಣೆಯ ಜಾಗದಲ್ಲಿ ಪದದ ಪ್ರಕಾರ, ಅದು ಬಂದ ಸೀಮೆ, ಹಾಡಿ ಕೊಟ್ಟವರು ಒಪ್ಪಿದ್ದರೆ ಅವರ ಹೆಸರು, ಮೂರು ದನಿಗಳ ಹೊಂದಾಣಿಕೆ ಯಾರದು ಎಂಬುದನ್ನು ಕನ್ನಡದಲ್ಲಿ ಬರೆಯಿರಿ; ಹಾಡಿನಿಂದ ಹಣವೇನಾದರೂ ಬಂದರೆ ಪದ ಕೊಟ್ಟವರಿಗೆ ಎಷ್ಟು ಪಾಲು ಸಲ್ಲಬೇಕೆಂಬುದನ್ನೂ ಮುದ್ರಣಕ್ಕೆ ಕೂರುವ ಮುಂಚೆಯೇ ಅವರೊಡನೆ ಮಾತನಾಡಿ, ಒಂದು ಹಾಳೆಯಲ್ಲಿ ಬರೆದು, ಎಲ್ಲರ ಸಹಿ ಪಡೆದಿಟ್ಟುಕೊಳ್ಳಿ.